ಅಡುಗೆಮನೆಯಿಂದ ಬಂದ ಜವಾಬು

ಕೊಂಕಲ್
9 ಫೆಬ್ರುವರಿ 2025

ವಿಶ್ವಾ,

ಜೈಲಿನ ಫೋನಿನಲ್ಲಿ ನೀನು ಅಳುವುದರಲ್ಲೇ ಹೊತ್ತು ಮುಗಿಯುತ್ತದೆ. ನಾನು ಗದರಬೇಕೆಂದು ಬಂದದ್ದೆಲ್ಲ ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಈ ಕಾಗದ. ನಿನ್ನ ಅಕ್ಷರ ಕೋಳಿ ಕೆದರಿದ ಹಾಗಿದ್ದರೂ ಪರವಾಗಿಲ್ಲ, ಉತ್ತರ ಬರೆ.

ಅವ್ವ ಆರಾಮ ಇದ್ದಾಳೆ ಎಂದು ಬರೆಯಲು ನಿಮ್ಮವ್ವ ಹೇಳಿದ್ದಾಳೆ. ಬರೆದಿದ್ದೇನೆ. ಆದರೆ ಆರಾಮ ಇಲ್ಲ. ರೊಟ್ಟಿ ಬಡಿಯುತ್ತಾಳೆ, ನನ್ನ ತಾಟಿಗೆ ಹಾಕುತ್ತಾಳೆ, ತಾನು ನೀರು ಕುಡಿದು ಏಳುತ್ತಾಳೆ.

ಈಗ ವಕೀಲರು ಹೇಳಿದ್ದು. ಬೀಜದಂಗಡಿಯ ಸಾಹುಕಾರರು ಇನ್ನೂ ಆಸ್ಪತ್ರೆಯಲ್ಲಿದ್ದಾರೆ. ಸಂಜೆ ಅಂಗಡಿ ಮುಚ್ಚುವಾಗ ಹಿಂದಿನಿಂದ ತಲೆಗೆ ಹೊಡೆದು ಓಡಿದವನು ನೀನೇ ಎಂದು ಹೇಳಿಕೆ ಕೊಟ್ಟಿದ್ದಾರೆ. ಮುಖ ಕಂಡಿಲ್ಲ, ಬೆನ್ನು ಕಂಡಿದೆಯಂತೆ. ಸ್ವಲ್ಪ ದಿನದ ಹಿಂದಷ್ಟೇ ನೀನು ಅವರ ಕೆಲಸ ಬಿಟ್ಟು, ಬಜಾರಿನ ನಡುವೆ ಬಾಯಿ ಮಾಡಿ ಬಂದಿದ್ದೆ. ಪೊಲೀಸರಿಗೆ ಅಷ್ಟು ಸಾಕಾಯಿತು. ನೀನು ಆ ಸಂಜೆ ಮನೆಯಲ್ಲಿದ್ದೆ ಎನ್ನುತ್ತೀ. ನಿಮ್ಮವ್ವ ಕಕ್ಕೇರಾದಲ್ಲಿ ತಂಗಿಯ ಬಾಣಂತನಕ್ಕೆ ಹೋಗಿದ್ದಳು, ನಾನು ಬಾಡಿಗೆಗೆ ಟಂಟಂ ಆಟೋ ಹೊಡೆಯುತ್ತ ಯಾವ ರಸ್ತೆಯಲ್ಲಿದ್ದೆನೋ. ನಿನ್ನ ಫೋನು ಮನೆಯಲ್ಲೇ ಇತ್ತೆಂದು ಪೊಲೀಸರೂ ಒಪ್ಪುತ್ತಾರೆ. “ಫೋನ್ ಮನ್ಯಾಗಿತ್ತು, ಖರೆ. ಹುಡುಗ ಎಲ್ಲಿದ್ದ?” ಎಂದು ನನ್ನ ಮುಖಕ್ಕೇ ಕೇಳಿದರು.

ವಕೀಲರು ಹೇಳುವುದು ಒಂದೇ ಮಾತು. ಆ ಸಂಜೆ ಫೋನಿನಲ್ಲಿ ನಿನ್ನ ದನಿ ಕೇಳಿದವರು ಬಂದು, ಹೌದು, ಇವನೇ ಹಾಡುತ್ತಿದ್ದ ಎಂದು ಹೇಳಬೇಕು. ಇಲ್ಲದಿದ್ದರೆ ಜಾಮೀನು ಕನಸು.

ಹಾಡುತ್ತಿದ್ದೆಯಂತೆ. ಮೊಬೈಲಿನಲ್ಲಿ, ಮುಖ ನೋಡದ ಜನರ ಜೊತೆ, ಕರ್ಬಲದ ಕತೆಯ ರಿವಾಯತ್ ಪದ! ಮೊಹರಂ ಬಂದರೆ ಬೆಂಕಿ ಹಾಕಿದ ಅಲಾಯಿ ಕುಣಿಯ ಸುತ್ತ ನಿಂತು ಒಂದು ಮೇಳ ಸವಾಲು ಹಾಡಬೇಕು, ಎದುರಿನ ಮೇಳ ಜವಾಬು ಹಾಡಬೇಕು. ನಮ್ಮಪ್ಪ ಹಾಡಿದ್ದು ಹಾಗೆ, ನಾನು ಹಾಡಿದ್ದು ಹಾಗೆ. ನೀನು ಗೋಡೆಗೆ ಮುಖ ಮಾಡಿ ಹಾಡಿದೆ. ನನ್ನ ಪದಗಳನ್ನು ತಿರುಚುತ್ತೀ ಎಂದು ನಾನು ಮೇಳದಿಂದ ನಿನ್ನನ್ನು ದೂರ ಇಟ್ಟದ್ದಕ್ಕೆ ಗೋಡೆಯನ್ನು ಹುಡುಕಿಕೊಂಡೆಯಾ?

ಇರಲಿ. ಆ ಗೋಡೆಯ ಆಚೆ ಯಾರಿದ್ದರು, ಅವರು ಎಲ್ಲಿಯವರು, ಬರೆ. ನಾನು ಟಂಟಂ ತೆಗೆದುಕೊಂಡು ಹೊರಡುತ್ತೇನೆ. ಕಾಲು ಹಿಡಿಯಬೇಕೆಂದರೆ ಹಿಡಿಯುತ್ತೇನೆ.

ನಿನ್ನ ಅಪ್ಪ
ಜಗದೇವಪ್ಪ


ಕಲಬುರಗಿ ಜೈಲು
18 ಫೆಬ್ರುವರಿ 2025

ಅಪ್ಪಾ,

ಅವ್ವನಿಗೆ ನನ್ನ ಮೇಲೆ ಆಣೆ ಹಾಕಿ ಉಣ್ಣಿಸಿ. ನಾನು ಇಲ್ಲಿ ಉಣ್ಣುತ್ತಿದ್ದೇನೆ ಎಂದು ಹೇಳಿ.

ನೀವು ಕೇಳಿದ್ದಕ್ಕೆ ಹೇಗೆ ಉತ್ತರ ಕೊಡಲಿ? ನನಗೆ ಅವರ ಊರು ಗೊತ್ತಿಲ್ಲ, ನಂಬರೂ ಗೊತ್ತಿಲ್ಲ. ಆ ಆ್ಯಪಿನಲ್ಲಿ ಹೆಸರು ಮಾತ್ರ ಕಾಣುತ್ತದೆ. ಊರು ಹೇಳಬಾರದು, ಹಾಡು ರೆಕಾರ್ಡ್ ಮಾಡಬಾರದು ಎಂದು ಮೊದಲ ದಿನವೇ ಮಾತಾಗಿತ್ತು. ಯಾವ ಮೇಳದ ಸವಾಲು ಯಾವ ಊರಿಗೂ ಮೊಹರಂಗೆ ಮುಂಚೆ ಗೊತ್ತಾಗಬಾರದಲ್ಲ, ನಿಮಗೆ ಬೇರೆ ಹೇಳಬೇಕೇ? ನೀವೂ ಹೊಸ ಪದವನ್ನು ದನದ ಕೊಟ್ಟಿಗೆಯಲ್ಲಿ ನಿಂತು ಕಲಿಸುವವರು. ಆ ಗುಂಪನ್ನೂ ಈಗ ಮುಚ್ಚಿಬಿಟ್ಟಿದ್ದಾರೆ, ಆ್ಯಪಿನಲ್ಲಿ ಹುಡುಕಿದರೂ ಸಿಗಲಿಲ್ಲವೆಂದು ವಕೀಲರು ಹೇಳಿದರು.

ಆದರೆ ದಿನಾ ಸಂಜೆ ಕೇಳುತ್ತಿದ್ದೆನಲ್ಲ. ಅವರು ಹಾಡುವಾಗ ಹಿಂದೆ ಏನು ಸದ್ದಾಗುತ್ತಿತ್ತೋ ಅದಷ್ಟು ನೆನಪಿದೆ. ಇಲ್ಲಿ ಕಣ್ಣು ಮುಚ್ಚಿ ಕೂತರೆ ಅದೇ ಕೇಳುತ್ತದೆ.

ಭೀಮಾಶಂಕರ ಎಂಬವನು. ಅವನು ಹಾಡುವಾಗ ರೈಲು ಬರುತ್ತಿದೆ ಎಂದು ಮೈಕಿನಲ್ಲಿ ಕೂಗುವುದು ಕೇಳುತ್ತಿತ್ತು, ಯಾದಗಿರಿ ಎನ್ನುವುದೂ ಕಿವಿಗೆ ಬಿದ್ದಿತ್ತು. ಕೆಳಗೆ ಹಿಟ್ಟಿನ ಗಿರಣಿ ಇದೆ. ಸರ್ಕಾರಿ ಪರೀಕ್ಷೆಗೆ ಓದುತ್ತಾನೆ.

ಮುನಾವರ ಎಂಬವರು ಗುಂಪು ಕಟ್ಟಿದವರು, ನಿಮ್ಮ ವಯಸ್ಸಿಗೆ ಹತ್ತಿರ. ಅವರ ಹಿಂದೆ ಗೋಲಿ ಸೋಡಾ ಒಡೆಯುವ ಸದ್ದು, ಬಸ್ಸಿನವರು “ಸುರಪುರ, ಸುರಪುರ” ಎಂದು ಕೂಗುವುದು. ಶಹಾಪುರ ಇರಬೇಕು.

ಇಷ್ಟೇ ಜನ.

ನಿಮ್ಮ
ವಿಶ್ವ


ಕೊಂಕಲ್
3 ಮಾರ್ಚ್ 2025

ವಿಶ್ವಾ,

ಯಾದಗಿರಿಗೆ ಹೋಗಿ ಬಂದೆ. ಸ್ಟೇಷನ್ನಿನ ಹಿಂದೆ ಗಿರಣಿ ಒಂದೇ ಇರುತ್ತದೆ ಎಂದುಕೊಂಡಿದ್ದೆ. ಹಿಟ್ಟು ತಿನ್ನದ ಊರು ಎಲ್ಲಿದೆ? ಗಿರಣಿಯಿಂದ ಗಿರಣಿಗೆ ಸುತ್ತಿ, ಮೀಸೆಯೆಲ್ಲ ಜೋಳದ ಹಿಟ್ಟಾದ ಮೇಲೆ ಒಂದು ಕಡೆ “ಮ್ಯಾಲಿನ ರೂಮಿನ್ಯಾಗ ಓದೋ ಹುಡುಗ ಹಾಡತಾನ್ರಿ” ಎಂದರು.

ಅವನು ಬಾಗಿಲು ತೆಗೆದ. ತೆಳ್ಳಗಿನ ಹುಡುಗ, ಕನ್ನಡಕ. ಗೋಡೆ ತುಂಬ ಇಸವಿಗಳನ್ನು ಬರೆದು ಅಂಟಿಸಿಕೊಂಡಿದ್ದಾನೆ. ನಾನು ನಿನ್ನ ಹೆಸರು ಹೇಳಿದೆ, ನಡೆದದ್ದು ಹೇಳಿದೆ. ಅವನ ಮುಖ ಸುಣ್ಣವಾಯಿತು.

“ಕಾಕಾ, ನಂಗ ಯಾವ ವಿಶ್ವರಾಧ್ಯನೂ ಗೊತ್ತಿಲ್ರಿ.”

“ಹಾಡತಿದ್ದಿ ಇಲ್ಲೋ?”

“ಹಾಡತಿದ್ದೆ. ಈಗ ಬಿಟ್ಟೀನಿ. ನೌಕರಿ ಲಿಸ್ಟಿನ್ಯಾಗ ಹೆಸರು ಬಂದೈತ್ರಿ. ಪೊಲೀಸ್ ವೆರಿಫಿಕೇಶನ್ ಬಾಕಿ ಐತಿ. ಸ್ಟೇಷನ್ ಮೆಟ್ಟಲಾ ಹತ್ತಿದ್ರ ನನ್ನ ಕತಿ ಮುಗೀತು. ನಮ್ಮವ್ವ ಕೂಲಿ ಮಾಡಿ ಓದಿಸ್ಯಾಳ.”

ಕಾಲು ಹಿಡಿಯುತ್ತೇನೆ ಎಂದಿದ್ದೆನಲ್ಲ, ಹಿಡಿದೆ. ನಿಜವಾಗಿಯೂ ಬಗ್ಗಿದೆ. ಅವನು ಹಿಂದೆ ಸರಿದು ಗೋಡೆಗೆ ಒತ್ತಿಕೊಂಡು ಅಳತೊಡಗಿದ. ಅಳುವ ಹುಡುಗನ ಕಾಲು ಎಷ್ಟು ಹೊತ್ತು ಹಿಡಿಯುವುದು? ಎದ್ದು ಬಂದೆ. ಇಳಿಯುವಾಗ ಗಿರಣಿಯವನು “ಏನ್ರಿ, ಸಂಬಂಧಿಕರಾ?” ಎಂದ. ಹೌದು ಎಂದೆ.

ಬೈಯಬೇಕೆನಿಸಿತ್ತು, ದಾರಿಯುದ್ದಕ್ಕೂ ಬೈದೆ. ಮನೆಗೆ ಬರುವಷ್ಟರಲ್ಲಿ ಅವನ ಅವ್ವನ ಕೂಲಿಯೇ ತಲೆಯಲ್ಲಿ ತಿರುಗುತ್ತಿತ್ತು. ಆದರೂ ಒಂದು ಮಾತು ನನಗೆ ತಿಳಿಯಲಿಲ್ಲ. ಹೆದರಿ ಸುಳ್ಳು ಹೇಳುವವನು ಕಣ್ಣು ತಪ್ಪಿಸುತ್ತಾನೆ. ಅವನು ‘ವಿಶ್ವರಾಧ್ಯ ಗೊತ್ತಿಲ್ಲ’ ಎಂದಾಗ ನನ್ನನ್ನು ನೇರ ನೋಡಿಯೇ ಹೇಳಿದ.

ಮುಂದಿನ ವಾರ ಶಹಾಪುರ.

ಅಪ್ಪ


ಶಹಾಪುರ ಬಸ್ ಸ್ಟ್ಯಾಂಡಿನಿಂದ
14 ಮಾರ್ಚ್ 2025

ವಿಶ್ವಾ, ಅಥವಾ ಲಾಡ್ಲೇಸಾಬಾ, ಯಾವ ಹೆಸರಿನಿಂದ ಕರೆಯಲಿ?

ಮನೆ ಮುಟ್ಟುವವರೆಗೆ ತಡೆಯಲಾರದೆ ಇಲ್ಲೇ ಟಂಟಂನಲ್ಲಿ ಕೂತು ಬರೆಯುತ್ತಿದ್ದೇನೆ.

ಭೀಮೆಯ ಸೇತುವೆ ದಾಟುವಾಗ ಕೆಳಗೆ ನೀರಿಗಿಂತ ಮರಳೇ ಹೆಚ್ಚು ಕಂಡಿತು. ಶಹಾಪುರ ಸೇರಿದಾಗ ಬಿಸಿಲು ಇಳಿದಿತ್ತು. ರಂಜಾನ್ ತಿಂಗಳು, ಮುನಾವರ ಸಾಹೇಬರು ದಿನವಿಡೀ ಉಪವಾಸ ಇದ್ದು ಬೇರೆಯವರಿಗೆ ಸೋಡಾ ಒಡೆದು ಕೊಡುತ್ತಿದ್ದರು. ನಾನು ಹೇಳುವುದನ್ನೆಲ್ಲ ಕೇಳಿದರು. “ಮೊದ್ಲ ಖಜೂರ ತಗೋರಿ. ಮಗನ್ನ ಬಿಡಿಸಾಕ ಬಂದವ್ರು ಹಸಗೊಂಡು ಕುಂದರಬಾರದು” ಎಂದು ಉಪವಾಸ ಬಿಡುವ ಹೊತ್ತಿಗೆ ತಮ್ಮ ತಟ್ಟೆಯಲ್ಲೇ ನನ್ನ ಕೈ ಇಡಿಸಿದರು.

ಆಮೇಲೆ ನಿಧಾನಕ್ಕೆ ಹೇಳಿದರು: “ಸಾಕ್ಷಿ ಹೇಳಾಕ ನಾ ಈಗ ತಯಾರ್ರಿ. ಆದ್ರ ನಮ್ಮ ಗುಂಪಿನ್ಯಾಗ ವಿಶ್ವರಾಧ್ಯ ಅನ್ನಾಂವ ಇದ್ದಿಲ್ಲ. ನಾವಿದ್ದದ್ದು ನಾಕು ಮಂದಿ. ನಾನು, ಭೀಮಾಶಂಕರ, ಲಾಡ್ಲೇಸಾಬ, ಮತ್ತ ಆಪಾ, ಅಕ್ಕ ಅಂತ ಹೆಸರಿಟ್ಟಕೊಂಡ ಹುಡುಗಿ.”

ಲಾಡ್ಲೇಸಾಬ ಯಾರು ಎಂದೆ. ಅವರು ಸೋಡಾ ಬಾಟಲಿ ಪಕ್ಕಕ್ಕಿಟ್ಟು ಎರಡು ಸಾಲು ಗುನುಗಿ, “ಹಿಂಗ ಎಳೀತಾನ್ರಿ ದನಿ, ಕಡೀಕ” ಎಂದರು. ಕೊನೆಯಲ್ಲಿ ಹಾಗೆ ದನಿ ಎಳೆಯುವುದು ನಮ್ಮಪ್ಪನಿಂದ ನನಗೆ ಬಂದದ್ದು, ನನ್ನಿಂದ ನಿನಗೆ.

ನೀನು ಸುಳ್ಳು ಹೆಸರು ಇಟ್ಟುಕೊಂಡೆ. ಏಕೆ ಎಂದು ಕೇಳುವುದಿಲ್ಲ, ಬಲ್ಲೆ. ಕೊಂಕಲ್ ಜಗದೇವಪ್ಪನ ಮಗ ಎಂದಿದ್ದರೆ ಪದ ಕದಿಯಲು ಬಂದವನೆಂದು ಅವರು ಒಳಗೆ ಬಿಡುತ್ತಿರಲಿಲ್ಲ, ನನಗೆ ತಿಳಿದರೆ ನಾನು ಹೊರಗೆ ಬಿಡುತ್ತಿರಲಿಲ್ಲ. ಆದರೆ ಈಗ ಏನು ಮಾಡಲಿ? ವಕೀಲರಿಗೆ ಇಲ್ಲಿಂದಲೇ ಫೋನು ಮಾಡಿದೆ. “ಸಾಕ್ಷಿ ಲಾಡ್ಲೇಸಾಬ ಹಾಡಿದ ಅಂತಾನ, ಆರೋಪಿ ವಿಶ್ವರಾಧ್ಯ. ಜೈಲಿಗೆ ಹೋದಮ್ಯಾಲ ಹೆಸರು ಜೋಡಿಸ್ಯಾರ ಅಂತ ಸರ್ಕಾರಿ ವಕೀಲರು ನಗತಾರ” ಎಂದರು.

ಆಗ ಮುನಾವರ ಸಾಹೇಬರು ಇನ್ನೊಂದು ಮಾತು ಹೇಳಿದರು. “ಆಪಾಗ ಅವನ ಖರೇ ಹೆಸರು ಗೊತ್ತಿರಬೇಕ್ರಿ. ಒಂದಿನ ಬಾಯಿ ತಪ್ಪಿ ವಿಶ್ವಾ ಅಂದಿದ್ಲು. ನಾವು ಕೇಳಲಾರದಂಗ ಸುಮ್ಮನಾದ್ವಿ.”

ನೀನು ‘ಇಷ್ಟೇ ಜನ’ ಎಂದು ಬರೆದಿದ್ದೆ. ಈ ಆಪಾ ಯಾರು?

ಅಪ್ಪ


ಕಲಬುರಗಿ ಜೈಲು
24 ಮಾರ್ಚ್ 2025

ಅಪ್ಪಾ,

ಆಕೆಯನ್ನು ಬಿಟ್ಟುಬಿಡಿ.

ಮುಚ್ಚಿಟ್ಟದ್ದು ತಪ್ಪೇ. ಆಕೆ ಮನೆಯವರಿಗೆ ಗೊತ್ತಿಲ್ಲದೆ ಅಡುಗೆಮನೆಯಲ್ಲಿ ಫೋನನ್ನು ಡಬ್ಬಿಯ ಹಿಂದೆ ಇಟ್ಟು, ರೊಟ್ಟಿ ಮಾಡುತ್ತ ಹಾಡುತ್ತಿದ್ದಳು. ಸವಾಲು ಹಾಕಿದರೆ ಒಂದು ಉಸಿರಿನಲ್ಲಿ ಜವಾಬು ಕೊಡುತ್ತಿದ್ದಳು. ಒಮ್ಮೆ ನಿಮ್ಮದೊಂದು ಸವಾಲಿಗೆ ನಾನು ಬೇರೆಯೇ ಜವಾಬು ಕಟ್ಟಿ ಹಾಡಿದೆ. “ಇಂಥದ್ದು ಕಟ್ಟಾಂವ ಹೆಸರ್ಯಾಕ ಮುಚ್ಚತಿ?” ಎಂದು ಕೇಳಿದಳು. ನಾನು ಹೇಳಿಬಿಟ್ಟೆ, ನಿಮ್ಮ ಹೆಸರನ್ನೂ ಹೇಳಿದೆ. ಅವಳೂ ತನ್ನ ಹೆಸರು ಹೇಳಿದಳು. ಅದಕ್ಕಿಂತ ಹೆಚ್ಚಿನದು ಏನೂ ಇಲ್ಲ. ಇರಬೇಕೆಂದು ನನಗೆ ಆಸೆ ಇರಲಿಲ್ಲ ಎಂದು ಮಾತ್ರ ಹೇಳಲಾರೆ.

ಈದ್ ಮುಗಿದ ಮೇಲೆ ಅವಳ ನಿಕಾಹ್. ರಾಯಚೂರಿನ ಕಡೆಯ ಮನೆ, ಬಿಗಿ ಜನ. ಕೋರ್ಟಿನಲ್ಲಿ ನಿಂತು, ನಾನು ಸಂಜೆ ಸಂಜೆ ಒಬ್ಬ ಗಂಡಸಿನ ಜೊತೆ ಹಾಡುತ್ತಿದ್ದೆ ಎಂದು ಅವಳು ಹೇಳಿದರೆ ಏನಾಗುತ್ತದೆಂದು ನಿಮಗೆ ತಿಳಿಯುವುದಿಲ್ಲವೇ? ಅವಳ ಊರನ್ನೂ ಹೇಳುವುದಿಲ್ಲ, ಹೆಸರನ್ನೂ ಹೇಳುವುದಿಲ್ಲ. ನಾನು ಇಲ್ಲಿ ಇದ್ದುಬಿಡುತ್ತೇನೆ. ರೂಢಿಯಾಗುತ್ತದೆ.

ವಿಶ್ವ


ಕೊಂಕಲ್
4 ಏಪ್ರಿಲ್ 2025

ವಿಶ್ವಾ,

ರೂಢಿಯಾಗುತ್ತದೆ ಎಂದು ಬರೆದೆಯಲ್ಲ, ಆ ಸಾಲನ್ನು ನಿಮ್ಮವ್ವನಿಗೆ ಓದಿ ಹೇಳಲಿಲ್ಲ. ಬಾಯಿಗೆ ಬಂದ ಬೇರೇನನ್ನೋ ಓದಿದೆ. ಅವಳು ನನ್ನ ಮುಖ ನೋಡುತ್ತ, “ಕಾಗದದಾಗ ಇದ್ದದ್ದು ಅದಲ್ಲ” ಎಂದಳು. ನಿನ್ನೆ ಬಚ್ಚಲಲ್ಲಿ ಕಣ್ಣು ಕತ್ತಲೆಗಟ್ಟಿ ಬಿದ್ದಳು. ಈಗ ಮಲಗಿದ್ದಾಳೆ. ನಿನ್ನ ಗಾದಿಯ ಮೇಲೆ ಮಲಗುತ್ತೇನೆ ಎಂದು ಹಟ ಹಿಡಿದು, ಮಲಗಿದ ಮೇಲೆ ಎದ್ದು ಕೂರುತ್ತಾಳೆ.

ನಿನಗೆ ಆ ಹುಡುಗಿಯ ಬಾಳು ಕಾಣುತ್ತದೆ, ಒಳ್ಳೆಯದು. ನನಗೆ ನಿಮ್ಮವ್ವ ಕಾಣುತ್ತಾಳೆ. ಒಳ್ಳೆಯ ಮನುಷ್ಯನಾಗಿ ಉಳಿಯಲು ನನಗೆ ಪುರಸೊತ್ತಿಲ್ಲ.

ಮುನಾವರ ಸಾಹೇಬರಿಗೆ ಫೋನು ಮಾಡಿ, ಆಪಾ ಹಾಡುವಾಗ ಹಿಂದೆ ಏನು ಸದ್ದಿತ್ತು ಎಂದು ಕೇಳಿದೆ. ಒಲ್ಲದ ಮನಸ್ಸಿನಿಂದ ಹೇಳಿದರು, ಹತ್ತಿ ಹಿಂಜುವ ಬಿಲ್ಲಿನ ಟಂಯ್ ಟಂಯ್. ಈ ಕಾಲದಲ್ಲಿ ಬಿಲ್ಲು ಹಿಡಿದವರು ಎಷ್ಟು ಜನ ಇರುತ್ತಾರೆ? ಹುಡುಕುತ್ತೇನೆ.

ಅಪ್ಪ


ಕೊಂಕಲ್
21 ಏಪ್ರಿಲ್ 2025

ವಿಶ್ವಾ,

ನಿನ್ನಿಂದ ಉತ್ತರ ಬರಲಿಲ್ಲ. ಬರೆಯಬಾರದೆಂದು ಸಿಟ್ಟಿನಲ್ಲಿದ್ದರೆ ಇದನ್ನಾದರೂ ಓದು.

ನಿನ್ನ ಗಾದಿಯನ್ನು ಟಂಟಂನಲ್ಲಿ ಹಾಕಿಕೊಂಡು ಹೊರಟೆ. ನೆವ ಬೇಕಿತ್ತಲ್ಲ. ಮೊದಲು ಹತ್ತಿಕುಣಿ, ಆಮೇಲೆ ಯಾದಗಿರಿ, ಶಹಾಪುರ, ಎಲ್ಲ ಕಡೆ ಗಾದಿ ಹೊಲಿಯುವ ನದಾಫರ ಮನೆಗಳನ್ನು ಕೇಳುತ್ತ ಹೋದೆ. ಎಲ್ಲೆಲ್ಲೂ ಮಶಿನ್ನೇ. ಕಡೆಗೆ ಸುರಪುರದ ರಂಗಂಪೇಟೆಯಲ್ಲಿ ಚಹಾದವನು, “ಜಲಾಲುದ್ದೀನ ಚಾಚಾ ಒಬ್ರೇ ಹಟ ಹಿಡದಾರ್ರಿ, ಬಿಲ್ಲ ಬಿಡಾಂಗಿಲ್ಲ” ಎಂದ. ಓಣಿಗೆ ತಿರುಗುವ ಮುಂಚೆಯೇ ಟಂಯ್ ಎನ್ನುವುದು ಕೇಳಿತು. ಗಾಡಿಯನ್ನು ಆ ಸದ್ದಿನ ಕಡೆಗೇ ತಿರುಗಿಸಿದೆ.

ಮನೆಗೆ ಹೊಸ ಸುಣ್ಣ ಬಳಿದಿದ್ದರು. ಜಲಾಲುದ್ದೀನ ಸಾಹೇಬರು ಗಾದಿಯ ಹೊಲಿಗೆ ಬಿಚ್ಚಿ ಹತ್ತಿ ಹರವಿದರು. “ಮಗಂದಾ? ಎಲ್ಲಿದ್ದಾನ್ರಿ ಮಗ?” ಎಂದರು. ಕಲಬುರ್ಗಿಯಾಗ ಕೆಲಸ ಎಂದೆ. ಒಳಗೆ ರಾಯಚೂರಿನ ಬೀಗರ ಹೆಂಗಸರು ಬಂದಿದ್ದರು, ನಗು ಕೇಳುತ್ತಿತ್ತು. “ಮಗಳ ಲಗ್ನ ಐತ್ರಿ. ಆಕಿ ಗಾದಿನೂ ನಾನ ಹೊಲ್ಯಾಕತ್ತೇನಿ” ಎಂದು ಮೂಲೆಯಲ್ಲಿದ್ದ ಕೆಂಪು ಮಖಮಲ್ಲು ತೋರಿಸಿದರು. ಅದನ್ನು ಮುಟ್ಟಿ ನೋಡಿದೆ. ಕೇಳಬಾರದು, ಹೋಗಬೇಕು ಎಂದುಕೊಂಡು ಎದ್ದೆ. ಇದನ್ನು ನೀನು ನಂಬಬೇಕು.

ಗಾದಿಯ ಗುರುತಿಗೆಂದು ಹೆಸರು ಕೇಳಿದರು, ಹೇಳಿದೆ. ಅವರು ಬಿಲ್ಲು ಕೆಳಗಿಟ್ಟರು. “ಕೊಂಕಲ್ ಜಗದೇವಪ್ಪ ಅಂದ್ರ, ರಿವಾಯತ್ ಹಾಡೋ ಜಗದೇವಪ್ಪನವ್ರಾ? ಅಲ್ಲಾ, ನಮ್ಮ ಮನಿಗಿ ಬಂದು ಸುಮ್ಮಕ ಹೊಂಟೀರಲ್ರಿ! ಕುಂದರ್ರಿ, ಎರಡ ಸಾಲು ಆಗ್ಲಿ. ಶುಭದ ಮನಿ.”

ಆಗ ನನಗೊಂದು ಬುದ್ಧಿ ಹೊಳೆಯಿತು. ಬುದ್ಧಿಯೋ ದುರ್ಬುದ್ಧಿಯೋ. ಬಾಯಿಬಿಟ್ಟು ಕೇಳುವುದು ಬೇಡ, ನನ್ನ ಸವಾಲು ಹಾಡುತ್ತೇನೆ. ಒಳಗಿರುವವಳಿಗೆ ಮಾತ್ರ ಯಾರು ಬಂದಿದ್ದಾರೆಂದು ತಿಳಿಯುತ್ತದೆ. ಅವಳಿಗೆ ಮನಸ್ಸಿದ್ದರೆ ಮುನಾವರ ಸಾಹೇಬರಿಗೆ ಸುದ್ದಿ ಕಳಿಸುತ್ತಾಳೆ, ಇಲ್ಲದಿದ್ದರೆ ಇಲ್ಲ. ಹಾಗೆಂದುಕೊಂಡು ಹಾಡಿದೆ.

ಹೊಳಿ ತುಂಬಿ ಹರದೈತಿ, ದಂಡೀಲಿ ನಿಂತೈತಿ
ನೀರಡಸಿದ ಜೀವ ಯಾವುದು ಹೇಳ

ಕೊನೆಯ ದನಿ ಎಳೆದು ನಿಲ್ಲಿಸಿದೆ. ಸವಾಲು ಹಾಡಿದವನು ಅಲ್ಲಿ ನಿಲ್ಲಲೇಬೇಕಲ್ಲ. ಆ ನಿಲುಗಡೆಯಲ್ಲಿ, ಅಡುಗೆಮನೆಯಿಂದ, ಒಂದು ಉಸಿರೂ ತಡಮಾಡದೆ ಜವಾಬು ಬಂತು.

ಕೂಸಿನ ತಾಯಿ ಆಕಿ, ಕೊಡ ಹೊತ್ತು ನಿಂತಾಕಿ
ಕುಡಿಸಾಕ ಕೂಸಿಲ್ಲ, ಕುಡಿಯಾಕ ಮನಸಿಲ್ಲ

ಅದು ನನ್ನ ಜವಾಬಲ್ಲ. ನಾನು ಬರೆದದ್ದರಲ್ಲಿ ನೀರಿಲ್ಲದೆ ಸತ್ತ ಕರ್ಬಲದ ಕೂಸು ಇದೆ, ತಾಯಿಯ ಮಾತೇ ಇಲ್ಲ. ಕೇಳಿದ ಕೂಡಲೇ ನಿನ್ನದೆಂದು ತಿಳಿಯಿತು. ನೀರು ಕುಡಿದು ಏಳುವ ನಿಮ್ಮವ್ವ ಕಣ್ಣಿಗೆ ಬಂದಳು. ಮೇಳದಲ್ಲಿ ನಿನ್ನನ್ನು ಹಾಡಿಸಲಿಲ್ಲವಲ್ಲ ಎಂದು ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು.

ಒಳಗೆ ನಗು ನಿಂತುಹೋಗಿತ್ತು. ಜಲಾಲುದ್ದೀನ ಸಾಹೇಬರು ಒಳಗಿನ ಕಡೆ ತಿರುಗಿ, “ಕೌನ್ ಸಿಕಾಯಾ?” ಎಂದರು. ಯಾರು ಕಲಿಸಿದರು ಎಂದು. ದನಿ ಏರಿಸಲಿಲ್ಲ.

ಅವಳು ಹೊಸ್ತಿಲಿಗೆ ಬಂದು ನಿಂತಳು. ಕೈಗೆಲ್ಲ ಹಿಟ್ಟು. ನನ್ನನ್ನು ನೋಡಿ, “ಲಾಡ್ಲೇಸಾಬ ಹೆಂಗದಾನ್ರಿ?” ಎಂದಳು.

ಇನ್ನು ಮುಚ್ಚಲು ಏನಿತ್ತು? ಎಲ್ಲ ಹೇಳಿದೆ. ನಿನ್ನ ಗಾದಿಯ ಹತ್ತಿಯ ನಡುವೆ ಕೂತು, ಬೀಗರ ಹೆಂಗಸರು ಪರದೆಯ ಹಿಂದೆ ಕೇಳುತ್ತಿದ್ದಾರೆಂದು ಗೊತ್ತಿದ್ದೂ ಹೇಳಿದೆ. ಜಲಾಲುದ್ದೀನ ಸಾಹೇಬರು ಕೊನೆಯವರೆಗೂ ಕೇಳಿ, “ನೀವಿನ್ನ ಹೋಗ್ರಿ” ಎಂದರು. ಬಂದೆ. ಗಾದಿ ಅಲ್ಲೇ ಉಳಿಯಿತು.

ಅಪ್ಪ


ಕಲಬುರಗಿ ಜೈಲು
30 ಏಪ್ರಿಲ್ 2025

ಅಪ್ಪಾ,

ಹೋಗಬೇಡಿ ಎಂದಿದ್ದೆ.

ಅವಳು ಜವಾಬು ಹಾಡಿದಳೆಂದು ಓದಿದಾಗ ನನಗೆ ಸಂತೋಷವಾಯಿತು. ಅದಕ್ಕೇ ನನ್ನ ಮುಖ ನನಗೇ ಬೇಡವಾಗಿದೆ. ನಮ್ಮಲ್ಲಿ ಸವಾಲು ಕಿವಿಗೆ ಬಿದ್ದರೆ ಬಾಯಿ ಸುಮ್ಮನಿರುವುದಿಲ್ಲ, ನಿಮಗಿಂತ ಚೆನ್ನಾಗಿ ಇದನ್ನು ಬಲ್ಲವರು ಯಾರು? ಗೊತ್ತಿದ್ದೇ ಹಾಡಿದಿರಾ? ಇಲ್ಲ ಎನ್ನಬೇಡಿ, ಹೌದು ಎಂದೂ ಬರೆಯಬೇಡಿ.

ನಾನೊಂದು ತೀರ್ಮಾನ ಮಾಡಿದ್ದೇನೆ. ಮುಂದಿನ ತಾರೀಖಿಗೆ, ಹೊಡೆದವನು ನಾನೇ ಎಂದು ಜಡ್ಜ್ ಸಾಹೇಬರ ಮುಂದೆ ಹೇಳಿಬಿಡುತ್ತೇನೆ. ಆಗ ಯಾರ ದನಿಗೂ ಯಾರೂ ಸಾಕ್ಷಿ ಹೇಳಬೇಕಾಗಿಲ್ಲ. ಅವಳನ್ನು ಯಾರೂ ಕರೆಯುವುದಿಲ್ಲ. ಅವ್ವನಿಗೆ ಏನು ಹೇಳಬೇಕೆಂದು ನನಗೆ ಗೊತ್ತಿಲ್ಲ, ನೀವೇ ಏನಾದರೂ ಹೇಳಿ. ಬೇರೆ ಕಾಗದ ಬರೆಯುವುದಿಲ್ಲ.

ವಿಶ್ವ


ಕೊಂಕಲ್
6 ಮೇ 2025

ಜಲಾಲುದ್ದೀನ ಸಾಹೇಬರಿಗೆ ಜಗದೇವಪ್ಪನ ಸಲಾಮು.

ನಿಮ್ಮ ಮನೆಯ ಚಹಾ ಕುಡಿದು ನಿಮ್ಮ ಮನೆಗೆ ಬೆಂಕಿ ಇಟ್ಟು ಬಂದವನು ನಾನು. ಬೀಗರು ಸಂಬಂಧ ಮುರಿದರೆಂದು ಮುನಾವರ ಸಾಹೇಬರು ಹೇಳಿದರು. ಕೇಳಿದ ದಿನ ಟಂಟಂ ಹೊರಗೆ ತೆಗೆಯಲಿಲ್ಲ. ಮಾಫಿ ಕೇಳಲೂ ನನಗೆ ಮುಖವಿಲ್ಲ.

ನಿಮ್ಮಿಂದ ಏನನ್ನೂ ಕೇಳಲು ಈ ಕಾಗದ ಬರೆಯುತ್ತಿಲ್ಲ ಎಂದು ಬರೆಯಬೇಕೆಂದು ಕೂತೆ. ಆದರೆ ಅದು ಸುಳ್ಳು. ನನ್ನ ಮಗ ನಿಮ್ಮ ಮಗಳ ಹೆಸರು ಕೋರ್ಟಿಗೆ ಬರಬಾರದೆಂದು, ಮಾಡದ ತಪ್ಪನ್ನು ಒಪ್ಪಿಕೊಳ್ಳುತ್ತೇನೆ ಎನ್ನುತ್ತಿದ್ದಾನೆ. ಮುಂದಿನ ವಾರ, ಗುರುವಾರ, ಯಾದಗಿರಿ ಕೋರ್ಟಿನಲ್ಲಿ ತಾರೀಖು. ನನ್ನ ಮಾತು ಅವನು ಕೇಳುವುದಿಲ್ಲ. ಅವನ ತಾಯಿ ಎದ್ದು ಓಡಾಡುವುದನ್ನೂ ಬಿಟ್ಟಿದ್ದಾಳೆ.

ಇದಿಷ್ಟು ನಿಮಗೆ ತಿಳಿದಿರಲಿ. ತಿಳಿದೂ ನೀವು ಬಾಗಿಲು ಮುಚ್ಚಿಕೊಂಡರೆ, ನಿಮ್ಮ ಜಾಗದಲ್ಲಿ ನಾನಿದ್ದರೂ ಮುಚ್ಚಿಕೊಳ್ಳುತ್ತಿದ್ದೆ ಎಂದೇ ಅಂದುಕೊಳ್ಳುತ್ತೇನೆ. ಬಿಚ್ಚಿದ ಗಾದಿಯ ಹತ್ತಿಯನ್ನು ಯಾರಿಗಾದರೂ ಕೊಟ್ಟುಬಿಡಿ.

ನಿಮ್ಮ ಪಾದದ ಬಳಿ
ಜಗದೇವಪ್ಪ


ರಂಗಂಪೇಟೆ, ಸುರಪುರ
19 ಜೂನ್ 2025

ಜಗದೇವಪ್ಪನವರಿಗೆ ಜಲಾಲುದ್ದೀನನ ಸಲಾಮು.

ನಿಮ್ಮ ಮಗ ಮನೆಯ ಅನ್ನ ಉಣ್ಣುತ್ತಿದ್ದಾನೆ, ಅವನ ತಾಯಿಯೂ ತಾಟಿನ ಮುಂದೆ ಕೂರುತ್ತಾರೆ ಎಂದು ಮುನಾವರ ಭಾಯಿ ಹೇಳಿದರು. ಕೇಸು ಇನ್ನೂ ಇದೆ, ಜಾಮೀನು ಅಷ್ಟೇ ಎಂಬುದೂ ಗೊತ್ತು. ಆದರೂ ಕೇಳಿ ಮನಸ್ಸು ತಣ್ಣಗಾಯಿತು.

ಕೋರ್ಟಿನ ದಿನ ನೀವು ಕೈ ಮುಗಿಯಲು ಬಂದಿರಿ, ನಾನು ಮುಖ ತಿರುಗಿಸಿ ಬಸ್ಸು ಹತ್ತಿದೆ. ಅವತ್ತು ನನಗೆ ಆಗಿದ್ದು ಅಷ್ಟೇ. ಈಗ ಹೇಳಬೇಕಾದ್ದನ್ನು ಹೇಳುತ್ತೇನೆ.

ನಿಮ್ಮ ಕಾಗದ ಬಂದಾಗ ಅದನ್ನು ಓದಿದವನು ನಾನಲ್ಲ. ನನಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಮನೆಗೆ ಬಂದ ಕಾಗದವನ್ನೆಲ್ಲ ಓದುವವಳು ಮಗಳೇ, ಅದನ್ನೂ ಅವಳ ಕೈಗೇ ಕೊಟ್ಟೆ. ಮಾಡದ ತಪ್ಪನ್ನು ಒಪ್ಪಿಕೊಳ್ಳುತ್ತೇನೆ ಎನ್ನುತ್ತಿದ್ದಾನೆ ಎಂಬಲ್ಲಿಗೆ ಬಂದಾಗ ಓದುವುದನ್ನು ನಿಲ್ಲಿಸಿದಳು. ಆಮೇಲೆ ಪೂರ್ತಿ ಓದಿ ಮಡಚಿಟ್ಟು, “ಗುರುವಾರ ಬಸ್ ಎಷ್ಟೊತ್ತಿಗೈತಿ ಅಬ್ಬಾ?” ಎಂದಳು. ಅವಳ ತಾಯಿ ಮಮ್ತಾಜ ಬಾಗಿಲಿಗೆ ಅಡ್ಡ ಕೂತು ಅತ್ತಳು. ನಾನು ಆ ವಾರವೆಲ್ಲ ಬಿಲ್ಲು ಮುಟ್ಟಲಿಲ್ಲ.

ಗುರುವಾರ ನಾನೇ ಅವಳ ಜೊತೆ ಹೊರಟೆ. ನಿಮ್ಮ ಮಗ ತಪ್ಪು ಒಪ್ಪಿಕೊಳ್ಳುವ ಮುಂಚೆಯೇ ನಿಮ್ಮ ವಕೀಲರು ಅವಳನ್ನು ಮುಂದೆ ನಿಲ್ಲಿಸಿದರು. ಜಡ್ಜ್ ಸಾಹೇಬರು ಆ ಸಂಜೆ ಯಾರ ದನಿ ಕೇಳಿದೆ ಎಂದಾಗ ಅವಳು ಹೇಳಿದ್ದು ನೀವೂ ಕೇಳಿದ್ದೀರಿ. “ವಿಶ್ವರಾಧ್ಯಂದು. ಕೊಂಕಲ್ ಜಗದೇವಪ್ಪನವ್ರ ಮಗ. ಲಾಡ್ಲೇಸಾಬ ಅಂತ ಹಾಡತಿದ್ದ. ಕತ್ತಲಾಗೋತನ ಹಾಡಿದ.” ಅಷ್ಟು ಜನರ ಎದುರು ಅವಳ ದನಿ ಸ್ವಲ್ಪವೂ ನಡುಗಲಿಲ್ಲ. ನಾನು ಸಿಟ್ಟಿನಲ್ಲಿದ್ದೆ, ಆದರೂ ಹೆಮ್ಮೆಯಾಯಿತು.

ರಾಯಚೂರಿನವರು ಉಂಗುರ, ಬಟ್ಟೆ ಎಲ್ಲ ವಾಪಸು ಕಳಿಸಿದರು. ಓಣಿಯವರು ಮಾತಾಡಿದರು, ಇನ್ನೂ ಮಾತಾಡುತ್ತಾರೆ. ಕೆಂಪು ಮಖಮಲ್ಲಿನ ಗಾದಿಯನ್ನು ಅಟ್ಟದ ಮೇಲೆ ಹಾಕಿದ್ದೇನೆ. ಇದಕ್ಕೆಲ್ಲ ನೀವೇ ಕಾರಣ ಎಂದು ಬಹಳ ದಿನ ಅಂದುಕೊಂಡೆ. ಆದರೆ ನೀವು ಎದ್ದು ಹೊರಟಿದ್ದಿರಿ, ಹಾಡಿ ಎಂದು ಕೂರಿಸಿದವನು ನಾನು.

ನಿಮ್ಮ ಮಗನ ಗಾದಿಯ ಹತ್ತಿಯನ್ನು ಯಾರಿಗೂ ಕೊಟ್ಟಿಲ್ಲ. ಹಿಂಜಿ, ಹೊಸ ಬಟ್ಟೆ ಹಾಕಿ ಹೊಲಿದಿದ್ದೇನೆ. ಬಂದು ಒಯ್ಯಿರಿ.

ಮೊಹರಂ ಚಂದ್ರ ಕಾಣುವ ದಿನ ಹತ್ತಿರ ಬಂತು. ನಮ್ಮ ಓಣಿಯಲ್ಲೂ ಅಲಾಯಿ ಕುಣಿ ತೋಡುತ್ತಾರೆ. ಮಗಳು ಕಹಕಶಾ ಈಗ ಹಾಡುವುದಿಲ್ಲ. ರೊಟ್ಟಿ ಮಾಡುವಾಗಲೂ ಸುಮ್ಮನಿರುತ್ತಾಳೆ. ನನ್ನ ಬಿಲ್ಲಿನ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಗಾದಿ ಒಯ್ಯಲು ಬರುವಾಗ ಆ ಹುಡುಗನನ್ನೂ ಕರೆದುಕೊಂಡು ಬನ್ನಿ. ನಮ್ಮ ಬಾಗಿಲ ಮುಂದೆ ನಿಂತು ಅವನು ಒಂದು ಸವಾಲು ಹಾಡಲಿ, ಅವನದೇ ಹೆಸರಿನಲ್ಲಿ.

ಈ ಮಾತಿಗೆ ಅವಳು ಪೆನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಾಳೆ. ಬರಿಯಮ್ಮಾ ಎಂದೆ. ಇದನ್ನೂ ಬರಿ ಎಂದೆ.

ಒಳಗಿನಿಂದ ಜವಾಬು ಬಂದರೆ, ಯಾರು ಕಲಿಸಿದರು ಎಂದು ಈ ಸಲ ನಾನು ಕೇಳುವುದಿಲ್ಲ.

ಹೇಳಿದವನು: ಜಲಾಲುದ್ದೀನ ನದಾಫ
ಬರೆದವಳು: ಕಹಕಶಾ